ಎರಡೆರಡು ಆಂಟಿವೈರಸ್ ಇದ್ದೂ ಸ್ಪೈವೇರ್ ಹೇಗೆ ಬಂತು?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ವಿಂಡೋಸ್ 10 ಇರುವ ಒಂದು ಕಂಪ್ಯೂಟರ್ ಇದೆ. ನಮ್ಮ ಯಜಮಾನರು ಅದರಲ್ಲೇ ಬ್ಯಾಂಕ್ ಕೆಲಸ ಮಾಡುತ್ತಾರೆ. ಮಗಳು ಓದಿಗೆ ಬಳಸುತ್ತಾಳೆ. ನಾನು ನುಡಿ ತಂತ್ರಾಂಶದಲ್ಲಿ ನಮ್ಮ ಮಹಿಳಾ ಸಂಘದ ಪತ್ರ, ವರದಿ ಟೈಪ್ ಮಾಡುತ್ತೇನೆ. ಅಂಗಡಿಯವರು ಹಾಕಿಕೊಟ್ಟಿದ್ದ ಆಂಟಿವೈರಸ್‌ನ ಅವಧಿ ಮುಗಿದಿದೆ. ಮಗಳು ಅದನ್ನು ತೆಗೆಯದೆ ಇನ್ನೊಂದು ಫ್ರೀ ಆಂಟಿವೈರಸ್ ಹಾಕಿದಳು. ಈಗ ಕಂಪ್ಯೂಟರ್ ವಿಪರೀತ ನಿಧಾನ. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ, ಕೂಡಲೇ ರಿನ್ಯೂ ಮಾಡಿ’ ಎಂದು ಇಂಗ್ಲಿಷಿನಲ್ಲಿ ಪದೇ ಪದೇ ಬರುತ್ತಿದೆ. ರಿಪೇರಿಯವರನ್ನು ಕೇಳಿದರೆ ‘ಸ್ಪೈವೇರ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು’ ಅಂದರು. ಎರಡು ಆಂಟಿವೈರಸ್ ಇದ್ದೂ ಅದು ಹೇಗೆ ಬಂತು? ಯಾವುದನ್ನು ಇಟ್ಟುಕೊಳ್ಳಬೇಕು? ದುಡ್ಡು ಕೊಟ್ಟು ಹೊಸದು ಕೊಳ್ಳಲೇಬೇಕಾ?
— ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ ಬಲಮೂಲೆಯ ಸಂದೇಶದ ವಿಷಯ ಮುಗಿಸೋಣ. ಯಾಕೆಂದರೆ ಗಾಬರಿಯಲ್ಲಿ ದುಡ್ಡು ಹೋಗುವುದು ಅಲ್ಲೇ. ಅದರ ಮೇಲೆ ಕ್ಲಿಕ್ ಮಾಡಬೇಡಿ. ಕಾರ್ಡ್ ನಂಬರ್ ಅಂತೂ ಕೊಡಲೇಬೇಡಿ. ಇಂಥ ಸಂದೇಶಗಳಲ್ಲಿ ಜಾಸ್ತಿ ಪಾಲು ಬರುವುದು ಆಂಟಿವೈರಸ್‌ನಿಂದಲ್ಲ, ಬ್ರೌಸರ್‌ನಿಂದ. ಸಿನಿಮಾ, ಕ್ರಿಕೆಟ್, ಪಿಡಿಎಫ್ ಹುಡುಕುತ್ತಾ ಯಾವುದೋ ಸೈಟಿಗೆ ಹೋದಾಗ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಕೇಳುತ್ತದೆ. ಒತ್ತಿದರೆ ಆ ಸೈಟಿಗೆ ನಿಮ್ಮ ಪರದೆಗೆ ನೋಟಿಫಿಕೇಶನ್ ಕಳಿಸುವ ಅನುಮತಿ ಸಿಗುತ್ತದೆ. ಆಮೇಲೆ ಅದು ಯಾವುದಾದರೂ ಹೆಸರಾಂತ ಆಂಟಿವೈರಸ್‌ನ ಚಿತ್ರ ಅಂಟಿಸಿಕೊಂಡು ಹೆದರಿಸಲು ಶುರು ಮಾಡುತ್ತದೆ. ಒಂದು ವೆಬ್‌ಸೈಟ್‌ಗೆ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ವೈರಸ್ ಇವೆ ಎಂದು ತಿಳಿಯುವ ದಾರಿಯೇ ಇಲ್ಲ. ಆ ‘5’ ಸುಮ್ನೆ ಬರೆದ ಅಂಕಿ.

ಮುಂದಿನ ಸಲ ಬಂದಾಗ ಸಂದೇಶದ ಸಣ್ಣ ಅಕ್ಷರಗಳನ್ನು ನೋಡಿ. ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರು, ಜೊತೆಗೆ ಗೊತ್ತಿಲ್ಲದ ಯಾವುದೋ ಸೈಟಿನ ವಿಳಾಸ ಇದ್ದರೆ ನಾನು ಹೇಳಿದ್ದೇ ಕಾರಣ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಕಾಣುತ್ತದೆ. ಪರಿಚಯವಿಲ್ಲದ್ದನ್ನೆಲ್ಲ ತೆಗೆದುಹಾಕಿ. ಬಹಳ ಮನೆಗಳಲ್ಲಿ ‘ವೈರಸ್’ ಅಲ್ಲಿಗೇ ಮಾಯವಾಗುತ್ತದೆ. ಇಷ್ಟಕ್ಕೆ ಯಾರೂ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಕಾಗಿಲ್ಲ.

ಅವಧಿ ಮುಗಿದ ಆಂಟಿವೈರಸ್ ಕೂಡ ರಿನ್ಯೂ ಮಾಡಿ ಎಂದು ನೆನಪಿಸುವುದು ನಿಜ. ಅದು ಅಸಲಿಯೋ ಅಲ್ಲವೋ ತಿಳಿಯಲು ಸಂದೇಶವನ್ನು ಒತ್ತಬೇಡಿ. ಗಡಿಯಾರದ ಪಕ್ಕದ ಐಕಾನ್‌ನಿಂದ ನೀವೇ ಆ ಪ್ರೋಗ್ರಾಂ ತೆರೆದು ನೋಡಿ. ಇನ್ನು, ಪರದೆ ತುಂಬ ಕೆಂಪು ಎಚ್ಚರಿಕೆ ಬಂದು ಅದರಲ್ಲಿ ಫೋನ್ ನಂಬರ್ ಇದ್ದರೆ ಅದು ಮೋಸ ಎಂದೇ ತಿಳಿಯಿರಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ.

ಈಗ ನಿಧಾನದ ವಿಷಯ. ಆಂಟಿವೈರಸ್ ಎಂದರೆ ನಾವು ‘ಸ್ಕ್ಯಾನ್’ ಒತ್ತಿದಾಗ ಮಾತ್ರ ಓಡುವ ಪ್ರೋಗ್ರಾಂ ಅಲ್ಲ. ಅದರ ಒಂದು ಭಾಗ ವಿಂಡೋಸ್‌ನ ಒಳಗೇ ಕೂತಿರುತ್ತದೆ. ನೀವು ಒಂದು ಫೈಲ್ ತೆರೆದರೆ ಅದನ್ನು ಕ್ಷಣಕಾಲ ತಡೆದು, ಪರೀಕ್ಷಿಸಿ, ಆಮೇಲೆ ಬಿಡುತ್ತದೆ. ಒಂದು ವರ್ಡ್ ಫೈಲ್ ತೆರೆಯುವಾಗ ಹಿಂದೆ ಹತ್ತಾರು ಫೈಲುಗಳು ತೆರೆದುಕೊಳ್ಳುತ್ತವೆ. ಎರಡು ಆಂಟಿವೈರಸ್ ಇದ್ದರೆ ಪ್ರತಿಯೊಂದಕ್ಕೂ ಎರಡು ಸಲ ತಪಾಸಣೆ. ಅಷ್ಟೇ ಅಲ್ಲ, ಆಂಟಿವೈರಸ್‌ನ ಕಡತಗಳಲ್ಲಿ ವೈರಸ್‌ಗಳ ಗುರುತುಗಳು ಇರುತ್ತವೆ, ಹಿಡಿದ ವೈರಸ್‌ಗಳನ್ನೂ ಅದು ಒಂದು ಕಡೆ ಕೂಡಿಹಾಕಿರುತ್ತದೆ. ಇನ್ನೊಂದಕ್ಕೆ ಅದೇ ಅನುಮಾನದ ವಸ್ತುವಾಗಿ ಕಾಣಬಹುದು. ಹಾಗಾಗಿ ಎರಡಿದ್ದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಎಷ್ಟೋ ಸಲ ಒಂದಿದ್ದಾಗಿನಷ್ಟೂ ಇರುವುದಿಲ್ಲ.

ಅವಧಿ ಮುಗಿದದ್ದನ್ನು ಹಾಗೇ ಬಿಡುವುದೂ ಒಳ್ಳೆಯದಲ್ಲ. ಹೊಸ ವೈರಸ್‌ಗಳ ಗುರುತು ಅದಕ್ಕೆ ಬರುವುದು ನಿಂತಿರುತ್ತದೆ, ಆದರೂ ಐಕಾನ್ ಕಾಣುತ್ತಿರುವುದರಿಂದ ಮನೆಯವರೆಲ್ಲ ರಕ್ಷಣೆ ಇದೆ ಎಂದುಕೊಂಡಿರುತ್ತಾರೆ. ಹಾಗಾಗಿ ಎರಡನ್ನೂ ತೆಗೆಯಿರಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಆಮೇಲೆ ಇನ್ನೊಂದು. ಇವು ಸುಲಭಕ್ಕೆ ಬೇರುಸಹಿತ ಹೋಗುವುದಿಲ್ಲ. ಅದಕ್ಕೇ ಹೆಚ್ಚಿನ ಕಂಪನಿಗಳು ತಮ್ಮ ಸೈಟಿನಲ್ಲಿ ಪೂರ್ತಿ ತೆಗೆಯುವ ಚಿಕ್ಕ ಟೂಲ್ ಇಟ್ಟಿರುತ್ತವೆ. ಉಳಿದ ಚೂರುಗಳಿದ್ದರೆ ಅದನ್ನು ಓಡಿಸಿ.

ಎರಡನ್ನೂ ತೆಗೆದರೆ ಕಂಪ್ಯೂಟರ್ ಬರಿದಾಗಿಬಿಡುತ್ತದಲ್ಲ ಎಂದು ಹೆದರಬೇಡಿ. ವಿಂಡೋಸ್‌ನಲ್ಲೇ ಮೈಕ್ರೋಸಾಫ್ಟ್ ಡಿಫೆಂಡರ್ ಇದೆ. ಬೇರೆ ಆಂಟಿವೈರಸ್ ಬಂದಾಗ ಅದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಹೋದಾಗ ತಾನಾಗಿ ಕೆಲಸಕ್ಕೆ ಮರಳುತ್ತದೆ. ಇದರ ಹುಟ್ಟು ನಿಮ್ಮ ಪ್ರಶ್ನೆಗೂ ಹತ್ತಿರದ್ದು. 2004ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ‘ಜೈಂಟ್’ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. ಆ ಕಂಪನಿ ಮಾಡುತ್ತಿದ್ದದ್ದು ಸ್ಪೈವೇರ್, ಅಂದರೆ ಗುಟ್ಟಾಗಿ ನಮ್ಮ ಮಾಹಿತಿ ಕಲೆಹಾಕುವ ಪ್ರೋಗ್ರಾಂಗಳನ್ನು ಹಿಡಿಯುವ ತಂತ್ರಾಂಶ. ಅದೇ ಮುಂದೆ ಡಿಫೆಂಡರ್ ಆಯಿತು. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಅದು ಸ್ಪೈವೇರ್ ಮಾತ್ರ ನೋಡುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಪೂರ್ಣ ಪ್ರಮಾಣದ ಆಂಟಿವೈರಸ್ ಆಯಿತು. ‘ಡಿಫೆಂಡರ್ ಸಾಲದು’ ಎಂಬ ಮಾತು ಆ ಹಳೆಯ ಕಾಲದಿಂದ ಇನ್ನೂ ಅಂಗಡಿಗಳಲ್ಲಿ ಓಡಾಡುತ್ತಿದೆ. ನಿಮ್ಮಂಥ ಮನೆ ಬಳಕೆಗೆ ಅದು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದುಡ್ಡು ಕೊಟ್ಟು ಕೊಳ್ಳುವುದು ತಪ್ಪೇನಲ್ಲ. ಮಕ್ಕಳ ಬಳಕೆಗೆ ಮಿತಿ ಹಾಕುವುದು, ಮೊಬೈಲಿಗೂ ಸೇರಿಸಿ ಒಂದೇ ಲೈಸೆನ್ಸ್, ತೊಂದರೆಯಾದರೆ ಫೋನಿನಲ್ಲಿ ಸಹಾಯ, ಇವೆಲ್ಲ ಬೇಕೆನಿಸಿದರೆ ಕೊಳ್ಳಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದಲ್ಲೇ ತಯಾರಾಗುವಂಥವು. ಯಾವುದನ್ನಾದರೂ ಕೊಳ್ಳಿ, ಆದರೆ ಒಂದನ್ನೇ. ಅವಧಿ ಮುಗಿಯುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಗಿದ ದಿನ ರಿನ್ಯೂ ಮಾಡಿ, ಇಲ್ಲವೇ ತೆಗೆದುಬಿಡಿ.

ಆದರೆ ನಿಮ್ಮ ಮನೆಯಲ್ಲಿ ಆಂಟಿವೈರಸ್‌ಗಿಂತ ದೊಡ್ಡ ಚಿಂತೆ ವಿಂಡೋಸ್ 10. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಡಿಫೆಂಡರ್‌ಗೆ ಹೊಸ ಗುರುತುಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸ್‌ನಲ್ಲೇ ಇರುವ ತೂತುಗಳನ್ನು ಯಾವ ಆಂಟಿವೈರಸ್ಸೂ ಮುಚ್ಚುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ವಿಂಡೋಸ್ 11ಕ್ಕೆ ನಿಮ್ಮ ಕಂಪ್ಯೂಟರ್ ಅರ್ಹವೇ ನೋಡಿ. ಅರ್ಹವಾದರೆ ಬದಲಾವಣೆ ಉಚಿತ. ಇಲ್ಲವಾದರೆ ಅದೇ ಪುಟದಲ್ಲಿ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಸೇರುವ ಆಯ್ಕೆ ಇರುತ್ತದೆ. ಮನೆ ಬಳಕೆದಾರರಿಗೆ ಅದನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದ್ದಾರೆ. ಆಂಟಿವೈರಸ್‌ಗೆ ಇಟ್ಟ ದುಡ್ಡನ್ನು ಬ್ಯಾಂಕ್ ಕೆಲಸಕ್ಕೆ ಯೋಗ್ಯವಾದ ಕಂಪ್ಯೂಟರಿಗೆ ಕೂಡಿಡುವುದೇ ಮೇಲು ಎನ್ನುತ್ತೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಕಾವಲಿದ್ದೂ ಸ್ಪೈವೇರ್ ಹೇಗೆ ಬಂತು?

ವೈರಸ್ ಕೇಳದೆ ಬರುತ್ತದೆ. ತನ್ನದೇ ನಕಲನ್ನು ಬೇರೆ ಕಡೆಗೆ ಅಂಟಿಸುತ್ತಾ ಹರಡುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಫ್ಲಾಪಿಯಿಂದ ಫ್ಲಾಪಿಗೆ ಹೋಗಿದ್ದು ಹೀಗೆ. ಸ್ಪೈವೇರ್‌ಗೆ ಹರಡುವ ಆತುರವಿಲ್ಲ. ಏನನ್ನೂ ಕೆಡಿಸುವುದೂ ಇಲ್ಲ. ಅದಕ್ಕೆ ಬೇಕಾಗಿರುವುದು ನಿಮ್ಮ ಮಾಹಿತಿ, ಹಾಗಾಗಿ ಗದ್ದಲವಿಲ್ಲದೆ ಕೂತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಅದರಲ್ಲಿ ದೊಡ್ಡ ಪಾಲು ಒಳಗೆ ಬರುವುದು ನಮ್ಮದೇ ಒಪ್ಪಿಗೆ ಪಡೆದು. ಫ್ರೀ ವಿಡಿಯೋ ಡೌನ್‌ಲೋಡರ್ ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ’ ಒತ್ತುತ್ತೇವೆ. ಅದರಲ್ಲೊಂದು ಪುಟದಲ್ಲಿ ‘ಈ ಟೂಲ್‌ಬಾರನ್ನೂ ಹಾಕು, ನಾನು ನೋಡುವ ಪುಟಗಳ ಮಾಹಿತಿ ಕಳಿಸು’ ಎಂದು ಮೊದಲೇ ಟಿಕ್ ಆಗಿರುತ್ತದೆ.

ನಾವೇ ಹೌದು ಎಂದ ಮೇಲೆ ಆಂಟಿವೈರಸ್ ಏನು ಮಾಡಬೇಕು? 2000ದ ದಶಕದ ಆರಂಭದಲ್ಲಿ ಈ ಗೊಂದಲ ಬಹಳ ಕಾಡಿತ್ತು. ಆಗ ‘ಗೇಟರ್’ ಎಂಬ ಪ್ರೋಗ್ರಾಂ ಜನ ನೋಡುವ ಸೈಟುಗಳ ಮೇಲೆ ಕಣ್ಣಿಟ್ಟು ಜಾಹೀರಾತು ತೋರಿಸುತ್ತಿತ್ತು. ತನ್ನನ್ನು ಸ್ಪೈವೇರ್ ಎಂದು ಕರೆದ ಒಂದು ವೆಬ್‌ಸೈಟ್‌ನ ಮೇಲೆ ಆ ಕಂಪನಿ 2003ರಲ್ಲಿ ಕೇಸು ಹಾಕಿತು. ಬಳಕೆದಾರರೇ ಒಪ್ಪಿ ಹಾಕಿಕೊಂಡಿದ್ದಾರೆ ಎಂಬುದು ಇಂಥ ಕಂಪನಿಗಳ ವಾದ. ಇವತ್ತಿಗೂ ಆಂಟಿವೈರಸ್‌ಗಳು ಈ ಜಾತಿಯನ್ನು ವೈರಸ್ ಪಟ್ಟಿಗೆ ಸೇರಿಸದೆ ‘ಬೇಡವಾಗಿರಬಹುದಾದ ಆ್ಯಪ್’ ಎಂಬ ಬೇರೆ ಗುಂಪಿನಲ್ಲಿ ಇಡುತ್ತವೆ. ಅದನ್ನು ತಡೆಯುವ ಸ್ವಿಚ್ಚೂ ಬೇರೆಯೇ. ವಿಂಡೋಸ್ ಸೆಕ್ಯುರಿಟಿ ತೆರೆದು, ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್, ಅಲ್ಲಿ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್ ನೋಡಿ. ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಇರಲಿ. ಅದರ ಕೆಳಗಿನ ಎರಡೂ ಟಿಕ್ ಇರಲಿ. 2021ರಿಂದ ಇದು ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಆದರೂ ಯಾರಾದರೂ ಆಫ್ ಮಾಡಿರಬಹುದು, ನೋಡಿಬಿಡಿ.

ಆಂಟಿವೈರಸ್ಸೇ ಈ ಕೆಲಸ ಮಾಡಿದ ಉದಾಹರಣೆಯೂ ಇದೆ. ಮಗಳಿಗೆ ಇದನ್ನು ಓದಿ ಹೇಳಿ. ಜಗತ್ತಿನಾದ್ಯಂತ ಕೋಟ್ಯಂತರ ಜನ ಬಳಸುವ ಅವಾಸ್ಟ್ ಎಂಬ ಫ್ರೀ ಆಂಟಿವೈರಸ್, ಬಳಕೆದಾರರು ಯಾವ ಯಾವ ಪುಟ ನೋಡುತ್ತಾರೆ ಎಂಬ ಮಾಹಿತಿಯನ್ನು ಕೂಡಿಹಾಕಿ ‘ಜಂಪ್‌ಶಾಟ್’ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಇದನ್ನು ಬಯಲಿಗೆ ತಂದ ಮೇಲೆ ಅವಾಸ್ಟ್ ಆ ಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕಾಗಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಕಾಯಿಲೆ, ಸಾಲ, ಧರ್ಮ, ರಾಜಕೀಯ, ಇಂಥ ಖಾಸಗಿ ವಿಷಯಗಳೆಲ್ಲ ನಾವು ನೋಡುವ ಪುಟಗಳಿಂದ ತಿಳಿದುಬಿಡುತ್ತವೆ. ಯಾವುದೇ ಫ್ರೀ ಪ್ರೋಗ್ರಾಂ ಹಾಕುವಾಗ ಮಾಹಿತಿ ಹಂಚಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಜೊತೆಗೆ ಬರುವ ಬ್ರೌಸರ್ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಅಂಟಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಬೇಡ ಅನ್ನಿ. ಈಗಿರುವ ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನೂ ಒಮ್ಮೆ ತೆರೆಯಿರಿ. ಎಲ್ಲ ವೆಬ್‌ಸೈಟ್‌ಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿ ಪಡೆದ ಎಕ್ಸ್‌ಟೆನ್ಶನ್, ನಿಮ್ಮ ಬ್ಯಾಂಕಿನ ಪುಟವನ್ನೂ ಓದಬಲ್ಲದು. ಬಳಸದೇ ಇರುವುದನ್ನೆಲ್ಲ ತೆಗೆಯಿರಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಕಳ್ಳ ವಿಂಡೋಸ್ ವಿಷಯದಲ್ಲಿ. ಕೆಲವು ಕಡೆ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ‘ಆಕ್ಟಿವೇಟರ್’ ಎಂಬ ಪ್ರೋಗ್ರಾಂ ಓಡಿಸಿ ಕೊಡುತ್ತಾರೆ. ಆಂಟಿವೈರಸ್ ಅದನ್ನು ಹಿಡಿಯುತ್ತದೆ ಎಂದು ಮೊದಲು ಡಿಫೆಂಡರ್ ಆಫ್ ಮಾಡುತ್ತಾರೆ, ಇಲ್ಲವೇ ‘ಈ ಫೋಲ್ಡರ್ ನೋಡಬೇಡ’ ಎಂದು ಅದಕ್ಕೆ ಹೇಳಿಡುತ್ತಾರೆ. ಗಿರಾಕಿಗೆ ಇದು ತಿಳಿಯುವುದೇ ಇಲ್ಲ. ಮಕ್ಕಳು ದುಡ್ಡು ಕೊಡದೆ ಆಟ ಆಡಲು ಅದರ ಕ್ರ್ಯಾಕ್ ಹಾಕುವಾಗಲೂ ಇದೇ ಕಥೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಶನ್ಸ್ ತೆರೆದು ನೋಡಿ. ಮನೆ ಕಂಪ್ಯೂಟರಿನಲ್ಲಿ ಆ ಪಟ್ಟಿ ಖಾಲಿ ಇರಬೇಕು. ಅಲ್ಲಿ ಸಿ ಡ್ರೈವ್ ಪೂರ್ತಿ ಬರೆದಿದ್ದರೆ, ಆಂಟಿವೈರಸ್ ಹಸಿರು ಟಿಕ್ ತೋರಿಸುತ್ತಲೇ ಕುರುಡಾಗಿ ಕೂತಿದೆ ಎಂದರ್ಥ. ಅದೇ ಪುಟದಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಎಂಬುದನ್ನು ಆನ್ ಇಡಿ. ಹೊರಗಿನ ಪ್ರೋಗ್ರಾಂಗಳು ಡಿಫೆಂಡರನ್ನು ಸದ್ದಿಲ್ಲದೆ ನಿಲ್ಲಿಸದಂತೆ ಅದು ತಡೆಯುತ್ತದೆ.

ನುಡಿಯ ಬಗ್ಗೆಯೂ ಒಂದು ಮಾತು, ಕನ್ನಡ ಟೈಪ್ ಮಾಡುವವರಿಗೆ ಇದು ಬೇಕಾಗುತ್ತದೆ. ಇಂಥ ತಂತ್ರಾಂಶಗಳು ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ನಡುವೆಯೇ ಹಿಡಿಯುತ್ತದೆ, ಬರೆದಿಟ್ಟುಕೊಂಡು ಬೇರೆಯವರಿಗೆ ಕಳಿಸುತ್ತದೆ. ಕೆಲಸದ ರೀತಿ ಒಂದೇ ಆದ್ದರಿಂದ ಆಂಟಿವೈರಸ್ ಕೆಲವೊಮ್ಮೆ ಕನ್ನಡ ತಂತ್ರಾಂಶದ ಮೇಲೂ ಅನುಮಾನಪಡಬಹುದು. ಹಾಗೆಂದು ಸೀದಾ ಎಕ್ಸ್‌ಕ್ಲೂಶನ್ ಹಾಕಬೇಡಿ. ಅಧಿಕೃತ ಜಾಗದಿಂದಲೇ ಇಳಿಸಿದ್ದೇ ಎಂದು ನೋಡಿ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಪ್ರತಿ ಬೇಡ. ಅನುಮಾನವಿದ್ದರೆ ಆ ಇನ್‌ಸ್ಟಾಲರನ್ನು ವೈರಸ್‌ಟೋಟಲ್ ಸೈಟಿಗೆ ಕೊಡಿ. ಅದು ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಟ್ಟಿಗೆ ತೋರಿಸುತ್ತದೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಅನುಮಾನ ಇರಬಹುದು, ಇಪ್ಪತ್ತು ಮೂವತ್ತು ತೋರಿಸಿದರೆ ಅಳಿಸಿಬಿಡಿ. ಸಂಘದ ಲೆಕ್ಕ, ಆಧಾರ್ ಪ್ರತಿಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಅಲ್ಲಿಗೆ ಹೋದ ಫೈಲನ್ನು ಬೇರೆಯವರೂ ನೋಡಬಹುದು. ಯೂನಿಕೋಡ್‌ನಲ್ಲಿ ಬರೆಯುವುದಾದರೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. 2019ರ ಅಪ್‌ಡೇಟಿನಿಂದ ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಒತ್ತುವ ಕನ್ನಡ ಫೊನೆಟಿಕ್ ಕೀಬೋರ್ಡೂ ಸೇರಿದೆ.

ಇಷ್ಟು ಹೊತ್ತು ಹೇಳಿದ್ದು ಕಿರಿಕಿರಿ ಕೊಡುವ ಜಾತಿ. ನಿಜವಾಗಿ ಹೆದರಬೇಕಾದದ್ದು ಇನ್ನೊಂದಿದೆ. ಅದನ್ನು ಇನ್ಫೋಸ್ಟೀಲರ್ ಎನ್ನುತ್ತಾರೆ. ಅದು ಒಳಗೆ ಬಂದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ಹೊರಗೆ ಕಳಿಸುತ್ತದೆ. ಕೆಲವು ನಿಮಿಷ ಸಾಕು. ನೀವು ಜಿಮೇಲ್‌ಗೆ ಒಮ್ಮೆ ಲಾಗಿನ್ ಆದರೆ ಮರುದಿನ ಪಾಸ್‌ವರ್ಡ್ ಕೇಳುವುದಿಲ್ಲ, ಅಲ್ವಾ? ಅದಕ್ಕೆ ಕಾರಣ ಆ ಕುಕೀ, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ಇಟ್ಟುಕೊಂಡಿರುವ ಗುರುತು. ಅದನ್ನು ಕದ್ದವರು ಒಟಿಪಿ ಇಲ್ಲದೆಯೇ ನೀವಾಗಿ ಒಳಗೆ ಹೋಗಬಹುದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ‘ಲುಮ್ಮಾ’ ಎಂಬ ಸ್ಟೀಲರ್‌ನ ಜಾಲವನ್ನು ಮುರಿದರು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಕಂಡುಬಂದಿತ್ತು ಎಂದು ಮೈಕ್ರೋಸಾಫ್ಟ್ ಹೇಳಿತು.

ಇದು ಒಳಗೆ ಬರುವ ಒಂದು ದಾರಿಯನ್ನು ಮನೆಯವರೆಲ್ಲರಿಗೂ ಹೇಳಿಡಿ. ಒಂದು ಪುಟ ತೆರೆಯುತ್ತದೆ. ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಹಾಗೆ ಮಾಡಿದರೆ ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟ ಆಜ್ಞೆಯನ್ನು ನೀವೇ ನಿಮ್ಮ ಕೈಯಿಂದ ಓಡಿಸಿದ ಹಾಗೆ. ಯಾವ ಅಸಲಿ ಸೈಟೂ ಇದನ್ನು ಕೇಳುವುದಿಲ್ಲ. ಕಂಡ ಕೂಡಲೇ ಪುಟ ಮುಚ್ಚಿ.

ಸರಿ, ಈಗ ನೀವು ಮಾಡಬೇಕಾದದ್ದು. ಎರಡೂ ಆಂಟಿವೈರಸ್ ತೆಗೆದು, ಡಿಫೆಂಡರ್ ಎಚ್ಚರಗೊಂಡ ಮೇಲೆ ಅಪ್‌ಡೇಟ್ ಮಾಡಿ. ಆ್ಯಪ್ಸ್ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ, ಗೊತ್ತಿಲ್ಲದ ಪ್ರೋಗ್ರಾಂಗಳನ್ನು ತೆಗೆಯಿರಿ. ರಿಪೇರಿಗೆಂದು ಯಾರೋ ಹಾಕಿದ, ದೂರದಿಂದಲೇ ಕಂಪ್ಯೂಟರ್ ನಡೆಸಬಲ್ಲ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ್ದು ಉಳಿದಿದ್ದರೆ ಅದನ್ನೂ ತೆಗೆಯಿರಿ. ಆಮೇಲೆ ಫುಲ್ ಸ್ಕ್ಯಾನ್ ಹಾಕಿ, ಅದು ಗಂಟೆಗಟ್ಟಲೆ ಹಿಡಿಯಬಹುದು. ಅದು ಮುಗಿದ ಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಅವಿತು ಕೂರುವ ಜಾತಿಯನ್ನು ಹಿಡಿಯಲು ಇದು ಒಳ್ಳೆಯದು.

ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅಥವಾ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಬಳಸಿ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಹಳತಾಗುತ್ತದೆ, ಪ್ರತಿ ಸಲ ಹೊಸದು ಇಳಿಸಿ. ನಮ್ಮ ಕೇಂದ್ರ ಸರ್ಕಾರವೂ 2017ರಿಂದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಉಚಿತ ಟೂಲ್‌ಗಳನ್ನು ಕೊಡುತ್ತಿದೆ. ನಾವು ಓಡಿಸಿದಾಗ ಮಾತ್ರ ಹುಡುಕುವ ಸ್ಕ್ಯಾನರ್ ಡಿಫೆಂಡರ್ ಜೊತೆ ಜಗಳವಾಡುವುದಿಲ್ಲ. ಮಾಲ್‌ವೇರ್‌ಬೈಟ್ಸ್ ಹಾಕುವಾಗ ಪ್ರೀಮಿಯಂ ಟ್ರಯಲ್ ಬೇಡ ಅಂದರೆ ಆಯಿತು.

ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ, ಮಗಳಿಗೂ ಒಂದು. ಹೆಚ್ಚಿನ ಪ್ರೋಗ್ರಾಂ ಹಾಕುವ ಮುಂಚೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಆಗ ಮನೆಯಲ್ಲಿ ಇಬ್ಬರು ಸೇರಿ ಯೋಚಿಸಲು ಅವಕಾಶ ಸಿಗುತ್ತದೆ.

ಕೊನೆಗೆ ಫಾರ್ಮ್ಯಾಟ್ ವಿಷಯ. ರಿಪೇರಿಯವರನ್ನು ‘ಸಿಕ್ಕ ಸ್ಪೈವೇರ್‌ನ ಹೆಸರೇನು, ತೋರಿಸಿ’ ಎಂದು ಕೇಳಿ. ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಹಿಡಿದದ್ದರ ಹೆಸರು, ದಿನಾಂಕ, ಇದ್ದ ಜಾಗ ಎಲ್ಲ ಬರೆದಿರುತ್ತದೆ. ಹೆಸರಿನ ಮುಂದೆ ‘ಪಿಯುಎ’ (ಮೇಲೆ ಹೇಳಿದ ಬೇಡವಾಗಿರಬಹುದಾದ ಆ್ಯಪ್) ಅಥವಾ ‘ಆ್ಯಡ್‌ವೇರ್’ (ಜಾಹೀರಾತು ತೋರಿಸುವ ಪ್ರೋಗ್ರಾಂ) ಎಂದಿದ್ದರೆ ಮೇಲೆ ಹೇಳಿದ ಶುಚಿ ಸಾಕು. ‘ಪಾಸ್‌ವರ್ಡ್ ಸ್ಟೀಲರ್’, ‘ಬ್ಯಾಕ್‌ಡೋರ್’ ಎಂಬಂಥ ಹೆಸರಿದ್ದರೆ ಅಥವಾ ನಿಮ್ಮದು ಆಕ್ಟಿವೇಟರ್ ಹಾಕಿದ ವಿಂಡೋಸ್ ಆಗಿದ್ದರೆ ರಿಪೇರಿಯವರ ಮಾತು ಸರಿ. ಫೋಟೋ, ಪತ್ರಗಳನ್ನು ಮಾತ್ರ ನಕಲು ಮಾಡಿಕೊಂಡು ಅಸಲಿ ವಿಂಡೋಸ್ ಹೊಸದಾಗಿ ಹಾಕಿಸಿ. ಹಳೆಯ ಇನ್‌ಸ್ಟಾಲರ್‌ಗಳನ್ನು ವಾಪಸ್ ತರಬೇಡಿ.

ಆದರೆ ಫಾರ್ಮ್ಯಾಟ್ ಮಾಡಿದರೂ ಕದ್ದುಹೋದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ. ಅದಕ್ಕೆ ಕಂಪ್ಯೂಟರ್ ಅಂಗಡಿಗೆ ಹೋಗುವ ಮುಂಚೆಯೇ, ನಿಮ್ಮ ಫೋನಿನಿಂದ, ಮೊದಲು ಇಮೇಲ್‌ನ ಪಾಸ್‌ವರ್ಡ್ ಬದಲಿಸಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಅದರ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಫೋನ್ ಬಿಟ್ಟು ಉಳಿದ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಆಗ ಕದ್ದ ಕುಕೀ ಕೆಲಸಕ್ಕೆ ಬಾರದಾಗುತ್ತದೆ. ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಯಜಮಾನರ ಖಾತೆಯಲ್ಲಿ ಗೊತ್ತಿಲ್ಲದ ವಹಿವಾಟು ಕಂಡರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.